ನೆಲ ಕೇಳುವ ಬೆಲೆ

ಒಬ್ಬ ರೈತ ಸಮುದ್ರದ ಏರಿಯ ಮೇಲೆ ಬಂದು ನಿಲ್ಲುತ್ತಾನೆ. ಕೈಯಲ್ಲಿ ಸಲಿಕೆ. ಅದನ್ನು ಏರಿಯ ಮಣ್ಣಿನಲ್ಲಿ ನೆಟ್ಟು ಹೊರಟುಹೋಗುತ್ತಾನೆ. ಆ ಹೊತ್ತಿನಿಂದ ಹೊಲ ಅವನದಲ್ಲ, ಮನೆ ಅವನದಲ್ಲ. ಆ ಸಲಿಕೆಯನ್ನು ಯಾರು ಕಿತ್ತು ತೆಗೆಯುತ್ತಾರೋ ಅವರಿಗೆ ಜಮೀನು ಸೇರುತ್ತದೆ. ಜೊತೆಗೆ ಆ ಏರಿಯನ್ನು ಕಾಯುವ ಹೊಣೆಯೂ ಸೇರುತ್ತದೆ.

ಇದು ಕಥೆಯಲ್ಲ. ಉತ್ತರ ಸಮುದ್ರದ ಅಂಚಿನಲ್ಲಿ, ಇವತ್ತಿನ ನೆದರ್ಲೆಂಡ್ಸ್ ಮತ್ತು ಉತ್ತರ ಜರ್ಮನಿಯ ತಗ್ಗು ನೆಲದಲ್ಲಿ, ಹಿಂದೆ ಇಂಥ ಕಾನೂನು ಇತ್ತು. ಸಲಿಕೆಯ ಕಾನೂನು ಅಂತಲೇ ಅದಕ್ಕೆ ಹೆಸರು. ಏರಿಯ ಒಂದೊಂದು ತುಂಡು ಒಬ್ಬೊಬ್ಬ ರೈತನ ಪಾಲಿಗೆ ಬರುತ್ತಿತ್ತು. ತನ್ನ ತುಂಡನ್ನು ಅವನು ಗಟ್ಟಿಯಾಗಿ ಇಟ್ಟುಕೊಳ್ಳಬೇಕು. ಯಾಕೆಂದರೆ ನೀರು ಎಲ್ಲಿ ಸಡಿಲವೋ ಅಲ್ಲಿಂದ ನುಗ್ಗುತ್ತದೆ. ನುಗ್ಗಿದ ಮೇಲೆ ಯಾರ ಹೊಲ, ಯಾರ ತಪ್ಪು ಅಂತ ನೋಡುವುದಿಲ್ಲ. ಒಬ್ಬನ ಸೋಮಾರಿತನಕ್ಕೋ ಬಡತನಕ್ಕೋ ಇಡೀ ಊರು ಮುಳುಗುತ್ತದೆ. ಹಾಗಾಗಿ ಏರಿ ನೋಡಿಕೊಳ್ಳಲು ಆಗದವನು ಸಲಿಕೆ ನೆಟ್ಟು ಜಾಗ ಬಿಡಬೇಕು.

ಇದನ್ನು ಮೊದಲ ಸಲ ಓದಿದ ದಿನ ನನಗೆ ಬೇರೆ ಕೆಲಸವೇ ಆಗಲಿಲ್ಲ. ಆ ಮನುಷ್ಯ ಮನೆಯಿಂದ ಏರಿಯವರೆಗೆ ನಡೆದು ಬಂದಿರುತ್ತಾನಲ್ಲ, ಆ ದಾರಿ ಎಷ್ಟು ಉದ್ದ ಅನ್ನಿಸಿರಬೇಕು ಅಂತ ಯೋಚಿಸುತ್ತಾ ಕೂತಿದ್ದೆ. ಶಾಲೆಯಲ್ಲಿ ಭೂಗೋಳ ಅಂದರೆ ನದಿಗಳ ಪಟ್ಟಿ, ರಾಜಧಾನಿಗಳ ಪಟ್ಟಿ. ಉರು ಹೊಡೆದು ಪರೀಕ್ಷೆ ಬರೆದು ಮರೆತೆವು. ಆ ಪಟ್ಟಿಗಳ ಹಿಂದೆ ಇಂಥ ಸಲಿಕೆಗಳಿವೆ ಅಂತ ಆಗ ಹೊಳೆಯಲೇ ಇಲ್ಲ.

ಡಚ್ಚರ ನಾಡು, ಅಂದರೆ ನೆದರ್ಲೆಂಡ್ಸ್‌ನ ಕಾಲು ಭಾಗಕ್ಕಿಂತ ತುಸು ಜಾಸ್ತಿ ನೆಲ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಅಲ್ಲಿ ಏರಿ, ಕಾಲುವೆ, ತೂಬುಗಳನ್ನು ನೋಡಿಕೊಳ್ಳಲು ಊರುಗಳು ಸೇರಿ ನೀರಿನ ಮಂಡಳಿಗಳನ್ನು ಕಟ್ಟಿಕೊಂಡವು. ಲೈಡನ್ ನಗರದ ಸುತ್ತಲಿನ ರೈನ್‌ಲಾಂಡ್ ಮಂಡಳಿಗೆ ಅಲ್ಲಿನ ದೊರೆ ಮನ್ನಣೆ ಕೊಟ್ಟದ್ದು 1255ರಲ್ಲಿ. ನೆದರ್ಲೆಂಡ್ಸ್ ಅನ್ನುವ ದೇಶ ಹುಟ್ಟುವುದಕ್ಕಿಂತ ಮುನ್ನೂರು ವರ್ಷ ಮೊದಲು! ಆ ಮಂಡಳಿ ಇವತ್ತಿಗೂ ಇದೆ. ದೇಶದಲ್ಲಿ ಈಗ ಅಂಥವು 21 ಇವೆ. ಅವಕ್ಕೆ ಬೇರೆಯೇ ಚುನಾವಣೆ, ಬೇರೆಯೇ ತೆರಿಗೆ. ರಾಜರು ಬಂದರು, ಹೋದರು. ಯುದ್ಧಗಳು ಆದವು. ನೀರು ಅಲ್ಲೇ ಇತ್ತು, ಹಾಗಾಗಿ ಮಂಡಳಿಯೂ ಉಳಿಯಿತು.

ಇದನ್ನೆಲ್ಲ ಓದುತ್ತಾ ನನ್ನ ಮನಸ್ಸಿನಲ್ಲಿ ಒಂದು ವಿಚಾರ ಗಟ್ಟಿಯಾಗುತ್ತಾ ಬಂದಿದೆ. ನೆಲ ಯಾರಿಗೂ ಅಪ್ಪಣೆ ಕೊಡುವುದಿಲ್ಲ. ಅದು ಬೆಲೆ ಹೇಳುತ್ತದೆ. ಇಲ್ಲಿ ಬೆಳೆ ತೆಗೆಯಬೇಕಾ? ಹಾಗಾದರೆ ಏರಿ ಕಟ್ಟಬೇಕು. ಆ ಬೆಟ್ಟದ ಆಚೆಯವರ ಜೊತೆ ವ್ಯಾಪಾರ ಮಾಡಬೇಕಾ? ಹಾಗಾದರೆ ನಾಲ್ಕು ದಿನ ಹೊರೆ ಹೊತ್ತು ನಡೆಯಬೇಕು. ಒಂದು ಕಡೆ ಸಲೀಸಾಗಿ ಆಗುವ ಕೆಲಸ ಇನ್ನೊಂದು ಕಡೆ ಜೀವ ತಿನ್ನುತ್ತದೆ. ಆದರೆ ಆ ಬೆಲೆಯನ್ನು ಕೊಡಬೇಕಾ ಬೇಡವಾ, ಎಲ್ಲರೂ ಹಂಚಿಕೊಂಡು ಕೊಡಬೇಕಾ, ಇಲ್ಲ ಯಾರದೋ ತಲೆಗೆ ಕಟ್ಟಬೇಕಾ, ಇದನ್ನು ನೆಲ ಹೇಳುವುದಿಲ್ಲ. ಅದು ನಮಗೆ ಬಿಟ್ಟದ್ದು.

ಈಜಿಪ್ಟನ್ನು ನೋಡಿ. ಅಲ್ಲಿನ ಬಹುತೇಕ ಎಲ್ಲ ಜನ ನೈಲ್ ನದಿಯ ಅಕ್ಕಪಕ್ಕದ ಪಟ್ಟಿ ಮತ್ತು ಅದರ ಮುಖಜ ಭೂಮಿಯಲ್ಲೇ ಇದ್ದಾರೆ. ಉಳಿದದ್ದೆಲ್ಲ ಮರುಭೂಮಿ. ಮ್ಯಾಪ್‌ನಲ್ಲಿ ನೋಡಿದರೆ ಮರಳಿನ ಮೇಲೆ ಯಾರೋ ಹಸಿರು ದಾರ ಎಳೆದು ಬಿಟ್ಟ ಹಾಗಿದೆ. ಆ ನದಿಗೆ ಒಂದು ವಿಶೇಷ ಇದೆ. ನೀರು ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ಗಾಳಿ ಸಾಮಾನ್ಯವಾಗಿ ಉತ್ತರದಿಂದ ದಕ್ಷಿಣಕ್ಕೆ ಬೀಸುತ್ತದೆ. ಅಂದರೆ ಉತ್ತರಕ್ಕೆ ಹೋಗುವಾಗ ಹಾಯಿ ಇಳಿಸಿ ನೀರಿನ ಜೊತೆ ಹೋದರೆ ಆಯಿತು. ದಕ್ಷಿಣಕ್ಕೆ ಬರುವಾಗ ಹಾಯಿ ಬಿಚ್ಚಿದರೆ ಆಯಿತು. ಹಳೆಯ ಈಜಿಪ್ಟಿನ ಚಿತ್ರಲಿಪಿಯಲ್ಲಿ ಉತ್ತರಕ್ಕೆ ಪಯಣ ಅನ್ನಲು ಹಾಯಿ ಇಳಿಸಿದ ದೋಣಿ, ದಕ್ಷಿಣಕ್ಕೆ ಪಯಣ ಅನ್ನಲು ಹಾಯಿ ಬಿಚ್ಚಿದ ದೋಣಿ ಬರೆಯುತ್ತಿದ್ದರು. ಗಾಳಿ ಮತ್ತು ನೀರು ಅಕ್ಷರದ ಒಳಗೇ ಬಂದು ಕೂತಿವೆ.

ದೋಣಿಯಲ್ಲಿ ಎರಡೂ ಕಡೆ ಸಲೀಸಾಗಿ ಹೋಗಿಬರಲು ಆಗುವ ನಾಡಿನಲ್ಲಿ ಧಾನ್ಯ ಸಾಗಿಸುವುದು ಸುಲಭ. ದೇಗುಲಕ್ಕೆ ಕಲ್ಲು ತರುವುದು ಸುಲಭ. ತೆರಿಗೆ ಎತ್ತುವುದೂ ಸುಲಭ, ಸೈನ್ಯ ಕಳಿಸುವುದೂ ಸುಲಭ. ರೈತನಿಗೆ ಓಡಿಹೋಗಲು ಜಾಗ ಎಲ್ಲಿದೆ? ಎರಡೂ ಕಡೆ ಮರಳು. ನದಿ ಕೊಟ್ಟ ಸಲೀಸು ಅರಮನೆಗೂ ಸಿಕ್ಕಿತು. ಅಷ್ಟು ಉದ್ದದ ನಾಡು ಅಷ್ಟು ಬೇಗ ಒಬ್ಬ ದೊರೆಯ ಕೈಗೆ ಬಂದದ್ದರ ಹಿಂದೆ ಈ ಗಾಳಿ ಮತ್ತು ನೀರಿನ ಕೈವಾಡ ಇದೆ ಅಂತ ನನಗೆ ಅನ್ನಿಸುತ್ತದೆ.

ಕೈರೋದ ರೋಡಾ ದ್ವೀಪದಲ್ಲಿ ಒಂದು ಬಾವಿ ಇದೆ. ಕಟ್ಟಿದ್ದು 861ರಲ್ಲಿ. ಕಲ್ಲಿನ ಮೆಟ್ಟಿಲು ಇಳಿದು ಹೋದರೆ ಬಾವಿಯ ನಡುವೆ ಒಂದು ಕಂಬ. ಕಂಬದ ಮೇಲೆ ಮೊಳದ ಗುರುತುಗಳು. ಸುರಂಗಗಳ ಮೂಲಕ ನೈಲ್ ನದಿಯ ನೀರು ಈ ಬಾವಿಯೊಳಗೆ ಬರುತ್ತಿತ್ತು. ಪ್ರತಿ ಬೇಸಿಗೆ ನೆರೆ ಏರುವಾಗ ಅಧಿಕಾರಿಗಳು ಕಂಬ ನೋಡುತ್ತಿದ್ದರು. ನೀರು 16 ಮೊಳ ಮುಟ್ಟಿತಾ? ಹಾಗಾದರೆ ಹೊಲಗಳಿಗೆಲ್ಲ ನೀರು ಹತ್ತಿತು, ಈ ವರ್ಷ ಪೂರಾ ತೆರಿಗೆ. ಮುಟ್ಟಲಿಲ್ಲವಾ? ಹಾಗಾದರೆ ಬರ. ತೀರಾ ಮೇಲೆ ಹೋಯಿತಾ? ಊರುಗಳು ಮುಳುಗಿದವು. ಬೀಜ ಬಿತ್ತುವ ಮೊದಲೇ ಸರ್ಕಾರಕ್ಕೆ ಬೆಳೆ ಎಷ್ಟು ಬರುತ್ತದೆ ಅಂತ ಗೊತ್ತು.

ಆ ಕಂಬದ ಫೋಟೋವನ್ನು ನಾನು ಎಷ್ಟು ಸಲ ನೋಡಿದ್ದೇನೋ. ತುಂಬಾ ಚೆಂದದ ಕಂಬ ಅದು. ಎಂಟು ಮುಖ, ನೇರ ಗೀಟುಗಳು. ಒಂದು ಗೀಟಿನ ಅಂತರದಲ್ಲಿ ಎಷ್ಟೋ ಮನೆಗಳ ಅನ್ನ ಇತ್ತು. 1970ರಲ್ಲಿ ಆಸ್ವಾನ್ ದೊಡ್ಡ ಅಣೆಕಟ್ಟು ಮುಗಿಯಿತು. ನೆರೆ ಬರುವುದು ನಿಂತಿತು. ಬರದ ಭಯ ಕಡಿಮೆಯಾಯಿತು, ಕರೆಂಟ್ ಬಂತು. ಹಾಗೆಯೇ ಪ್ರತಿ ವರ್ಷ ಹೊಲಕ್ಕೆ ಬಂದು ಬೀಳುತ್ತಿದ್ದ ಮೆಕ್ಕಲು ಮಣ್ಣು ಅಣೆಕಟ್ಟಿನ ಹಿಂದೆ ಸಿಕ್ಕಿಹಾಕಿಕೊಂಡಿತು. ಪುಕ್ಕಟೆ ಬರುತ್ತಿದ್ದ ಗೊಬ್ಬರವನ್ನು ಈಗ ಚೀಲದ ಲೆಕ್ಕದಲ್ಲಿ ಕೊಳ್ಳಬೇಕು. ನೆಲದ ಬಿಲ್ ಹರಿದುಹೋಗಲಿಲ್ಲ, ಬೇರೆ ಹೆಸರಿನಲ್ಲಿ ಬಂತು.

ನೀರಿನ ದಾರಿಯ ಮಾತು ಬಂತಲ್ಲ, ಅದನ್ನು ಇನ್ನಷ್ಟು ಹೇಳಬೇಕು. ರೈಲು ಬರುವ ಮುಂಚೆ ನೆಲದ ಮೇಲೆ ಭಾರ ಸಾಗಿಸುವುದು ಎಷ್ಟು ದುಬಾರಿ ಇತ್ತು ಅನ್ನುವುದು ನಮಗೆ ಈಗ ಅಂದಾಜೇ ಸಿಗುವುದಿಲ್ಲ. ರೋಮ್ ಚಕ್ರವರ್ತಿ ಡಯೋಕ್ಲೀಷಿಯನ್ 301ರಲ್ಲಿ ಸಾಮಾನುಗಳಿಗೂ ಸಾಗಣೆಗೂ ಗರಿಷ್ಠ ದರ ಕಟ್ಟಿ ಒಂದು ಶಾಸನ ಹೊರಡಿಸಿದ. ಅದರ ದರಗಳನ್ನು ಇಟ್ಟುಕೊಂಡು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಮೆಡಿಟರೇನಿಯನ್ ಸಮುದ್ರದ ಈ ತುದಿಯಿಂದ ಆ ತುದಿಗೆ ಹಡಗಿನಲ್ಲಿ ಗೋಧಿ ಕಳಿಸುವುದು, ಅದೇ ಗೋಧಿಯನ್ನು ಎತ್ತಿನ ಗಾಡಿಯಲ್ಲಿ ನೂರು ಚಿಲ್ಲರೆ ಕಿಲೋಮೀಟರ್ ಎಳೆಸುವುದಕ್ಕಿಂತ ಅಗ್ಗ! ಅದಕ್ಕೇ ರೋಮ್ ನಗರ ಈಜಿಪ್ಟಿನ ಗೋಧಿ ತಿಂದು ಬದುಕಿತು. ಒಳನಾಡಿನ ಊರಿಗೆ ಬರ ಬಿದ್ದರೆ ನಾಲ್ಕು ದಿನದ ದಾರಿಯಲ್ಲಿ ಧಾನ್ಯ ಇದ್ದರೂ ಅದು ಬಾಯಿಗೆ ಬರುತ್ತಿರಲಿಲ್ಲ.

ಬಂದರುಗಳು ಹಲವು ಭಾಷೆಯ, ಹಲವು ದೇವರ ಊರುಗಳಾದದ್ದಕ್ಕೂ ಇಂಥ ಲೆಕ್ಕವೇ ಕಾರಣ. ಹಿಂದೂ ಮಹಾಸಾಗರದಲ್ಲಿ ಗಾಳಿ ವರ್ಷಕ್ಕೆ ಎರಡು ಸಲ ದಿಕ್ಕು ಬದಲಿಸುತ್ತದೆ. ಚಳಿಗಾಲದಲ್ಲಿ ಈಶಾನ್ಯದಿಂದ, ಮಳೆಗಾಲದಲ್ಲಿ ನೈರುತ್ಯದಿಂದ. ಮಾನ್ಸೂನ್ ಅನ್ನುವ ಮಾತು ಬಂದದ್ದೇ ಋತು ಅನ್ನುವ ಅರ್ಥದ ಅರಬ್ಬಿ ಮಾತಿನಿಂದ. ಅರೇಬಿಯಾದಿಂದ ಹೊರಟ ಹಾಯಿಹಡಗು ಈಶಾನ್ಯದ ಗಾಳಿ ಹಿಡಿದು ಪೂರ್ವ ಆಫ್ರಿಕಾದ ದಂಡೆಗೆ ಬರುತ್ತಿತ್ತು. ವಾಪಸ್ ಹೋಗಬೇಕು ಅಂದರೆ ಗಾಳಿ ತಿರುಗಬೇಕು. ಅಲ್ಲಿಯವರೆಗೆ? ಕಾಯಬೇಕು. ತಿಂಗಳುಗಟ್ಟಲೆ.

ತಿಂಗಳುಗಟ್ಟಲೆ ಒಂದೂರಿನಲ್ಲಿ ಕೂತವನು ಸುಮ್ನೆ ಕೂರುತ್ತಾನಾ? ಮನೆ ಮಾಡುತ್ತಾನೆ. ಮಾತು ಕಲಿಯುತ್ತಾನೆ. ಮದುವೆಯಾಗುತ್ತಾನೆ, ಮಕ್ಕಳಾಗುತ್ತವೆ. ಕಿಲ್ವಾ, ಲಾಮು, ಜಾಂಜಿಬಾರ್‌ನಂಥ ಊರುಗಳು ಹೀಗೆ ಬೆಳೆದವು. ಹವಳದ ಕಲ್ಲಿನ ಮನೆಗಳು, ಮಸೀದಿಗಳು ಎದ್ದವು. ಅಲ್ಲಿನ ಸ್ವಾಹಿಲಿ ಭಾಷೆಯ ಬೇರು, ವ್ಯಾಕರಣ ಎಲ್ಲ ಆಫ್ರಿಕಾದ ಬಾಂಟು ಕುಟುಂಬದ್ದು. ಅದರೊಳಗೆ ಅರಬ್ಬಿ ಮಾತುಗಳು ರಾಶಿ ರಾಶಿ ಸೇರಿಕೊಂಡಿವೆ. ಸ್ವಾಹಿಲಿ ಅನ್ನುವ ಹೆಸರೇ ಕರಾವಳಿ ಅನ್ನುವ ಅರಬ್ಬಿ ಮಾತಿನದು. ಗಾಳಿ ವರ್ಷವಿಡೀ ಒಂದೇ ಕಡೆ ಬೀಸಿದ್ದರೆ, ಇಲ್ಲವೇ ವಾರಕ್ಕೊಮ್ಮೆ ತಿರುಗಿದ್ದರೆ ಆ ಭಾಷೆ ಈ ರೂಪದಲ್ಲಿ ಇರುತ್ತಿತ್ತಾ? ನನಗಂತೂ ಅನುಮಾನ. ಜನ ಬೆರೆಯಲು ಕಾಯುವ ಹೊತ್ತು ಬೇಕಿತ್ತು. ಅದನ್ನು ಗಾಳಿ ಕೊಟ್ಟಿತು.

ಮಳೆಯ ವಿಷಯದಲ್ಲೂ ಹೀಗೇ ಒಂದು ಗೆರೆ ಇದೆ. ಚೀನಾದ ಮಹಾಗೋಡೆ ಹಲವು ಕಡೆ ವರ್ಷಕ್ಕೆ ಸುಮಾರು 400 ಮಿಲಿಮೀಟರ್ ಮಳೆ ಬೀಳುವ ಗಡಿಯ ಹತ್ತಿರವೇ ಹಾದುಹೋಗುತ್ತದೆ. ಅದಕ್ಕಿಂತ ಕಡಿಮೆ ಮಳೆಯಲ್ಲಿ ನೀರಾವರಿ ಇಲ್ಲದೆ ಬೇಸಾಯ ಕಷ್ಟ. ಹುಲ್ಲು ಬೆಳೆಯುತ್ತದೆ, ಕುರಿ ಕುದುರೆ ಮೇಯುತ್ತವೆ. ಈಚೆ ಉಳುವವರು, ಆಚೆ ಮೇಯಿಸುವವರು. ಸಾವಿರಾರು ವರ್ಷ ಜಗಳ, ವ್ಯಾಪಾರ, ಮದುವೆ ಎಲ್ಲ ಆ ಗೆರೆಯ ಮೇಲೆಯೇ ನಡೆದವು.

ನನಗೆ ಎಲ್ಲಕ್ಕಿಂತ ಬೆರಗು ಬೆಟ್ಟಗಳ ಮೇಲೆ. ಬಯಲಿನಲ್ಲಿ ಹವಾಮಾನ ಬದಲಾಗಬೇಕಾದರೆ ನೂರಾರು ಕಿಲೋಮೀಟರ್ ಹೋಗಬೇಕು. ಬೆಟ್ಟದಲ್ಲಿ ಒಂದು ದಿನ ಇಳಿದರೆ ಸಾಕು. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ಜನ ಇದನ್ನೇ ಬಂಡವಾಳ ಮಾಡಿಕೊಂಡರು. ಒಂದೇ ಬಳಗದವರು ಮೇಲಿನ ಹುಲ್ಲುಗಾವಲಿನಲ್ಲಿ ಲಾಮಾ ಮೇಯಿಸುತ್ತಿದ್ದರು, ಅದಕ್ಕಿಂತ ಕೆಳಗೆ ಆಲೂಗಡ್ಡೆ, ಇನ್ನೂ ಕೆಳಗೆ ಮೆಕ್ಕೆಜೋಳ, ತೀರಾ ಕೆಳಗಿನ ಬೆಚ್ಚನೆಯ ಕಣಿವೆಯಲ್ಲಿ ಕೋಕಾ. ಒಂದು ಕಡೆ ಬೆಳೆ ಹೋದರೂ ಇನ್ನೊಂದು ಕಡೆ ಏನೋ ಸಿಗುತ್ತದೆ. ಬಯಲಿನವರು ಸಂತೆಯಲ್ಲಿ ಕೊಳ್ಳುವುದನ್ನು ಇವರು ನೆಂಟಸ್ತಿಕೆಯಲ್ಲಿ ಪಡೆಯುತ್ತಿದ್ದರು.

ಅಲ್ಲಿ ಆಲೂಗಡ್ಡೆಯನ್ನು ವರ್ಷಗಟ್ಟಲೆ ಕೆಡದಂತೆ ಇಡುವ ಒಂದು ಉಪಾಯ ಇದೆ. ಸುಮಾರು 3,800 ಮೀಟರ್ ಎತ್ತರದ ಬಯಲು. ಜೂನ್, ಜುಲೈ ತಿಂಗಳು. ರಾತ್ರಿ ಕೊರೆಯುವ ಹಿಮ, ಹಗಲು ಸುಡುವ ಬಿಸಿಲು. ಸಣ್ಣ ಆಲೂಗಡ್ಡೆಗಳನ್ನು ಹುಲ್ಲಿನ ಮೇಲೆ ಹರಡಿ ಬಿಡುತ್ತಾರೆ. ರಾತ್ರಿ ಕಲ್ಲಿನ ಹಾಗೆ ಹೆಪ್ಪುಗಟ್ಟುತ್ತವೆ. ಬಿಸಿಲು ಏರಿದಾಗ ಕರಗಿ ಮೆತ್ತಗಾಗುತ್ತವೆ. ಆಗ ಬರಿಗಾಲಲ್ಲಿ ತುಳಿಯುತ್ತಾರೆ. ನೀರು ಪಿಚಕ್ಕನೆ ಹೊರಗೆ ಬರುತ್ತದೆ, ಸಿಪ್ಪೆ ಬಿಡುತ್ತದೆ. ಮತ್ತೆ ರಾತ್ರಿ, ಮತ್ತೆ ಬಿಸಿಲು. ಹೀಗೆ ಕೆಲವು ದಿನ ಮಾಡಿದರೆ ಹಗುರಾದ, ಕಪ್ಪನೆಯ ಒಣ ಗಡ್ಡೆ ಉಳಿಯುತ್ತದೆ. ಅದಕ್ಕೆ ಚುನ್ಯೊ ಅನ್ನುತ್ತಾರೆ. ಇಂಕಾ ದೊರೆಗಳ ಉಗ್ರಾಣಗಳಲ್ಲಿ ಇದು ತುಂಬಿರುತ್ತಿತ್ತು. ಒಂದು ಲಾಮಾ ಹೊರುವುದು 25-30 ಕಿಲೋ ಮಾತ್ರ. ಗಾಡಿ ಇಲ್ಲ, ಕುದುರೆ ಇಲ್ಲ. ಗಡ್ಡೆಯಲ್ಲಿ ನೀರು ಹೋದಷ್ಟೂ ಅದೇ ಬೆನ್ನ ಮೇಲೆ ಊಟ ಜಾಸ್ತಿ ಹೋಗುತ್ತದೆ. ಬೆಳೆ ಕೊಲ್ಲುವ ಹಿಮವನ್ನೇ ಹಿಡಿದು ಕೆಲಸಕ್ಕೆ ಹಚ್ಚಿದ ಆ ಹೆಸರಿಲ್ಲದ ಹೆಂಗಸರು, ಗಂಡಸರು ಯಾವ ಎಂಜಿನಿಯರ್‌ಗೆ ಕಡಿಮೆ ಹೇಳಿ?

ಅದೇ ಬೆಟ್ಟ ನಗರವಾದಾಗ ಬೇರೆ ಥರ ಮಾತಾಡುತ್ತದೆ. ಬೊಲಿವಿಯಾದ ಲಾ ಪಾಜ್ ನಗರ ಒಂದು ಆಳವಾದ ಕಣಿವೆಯಲ್ಲಿದೆ. ಎಷ್ಟೋ ದೇಶಗಳಲ್ಲಿ ದುಡ್ಡಿದ್ದವರು ಎತ್ತರದ ಜಾಗ ಹುಡುಕಿಕೊಂಡು ಹೋಗುತ್ತಾರೆ. ಇಲ್ಲಿ ತಿರುಗಾಮುರುಗಾ. ಕೆಳಗಿನ ದಕ್ಷಿಣ ಭಾಗದಲ್ಲಿ ಚಳಿ ಕಡಿಮೆ, ಉಸಿರಾಡಲು ಗಾಳಿ ಜಾಸ್ತಿ. ಅಲ್ಲಿ ಸಿರಿವಂತರ ಮನೆಗಳು. ಮೇಲೆ, 4,100 ಮೀಟರ್ ಆಸುಪಾಸಿನ ಬೋಳು ಬಯಲಿನಲ್ಲಿ ಎಲ್ ಆಲ್ಟೊ. ಅಲ್ಲಿ ಹಳ್ಳಿಗಳಿಂದ ಬಂದ ಐಮಾರಾ ಅನ್ನುವ ಮೂಲನಿವಾಸಿ ಜನ, ಕೂಲಿಯವರು, ಸಣ್ಣ ವ್ಯಾಪಾರಿಗಳು. 2014ರಲ್ಲಿ ಎರಡಕ್ಕೂ ನಡುವೆ ಕೇಬಲ್ ಕಾರ್ ಶುರುವಾಯಿತು. ಅಂಕುಡೊಂಕಿನ ರಸ್ತೆಯಲ್ಲಿ ಬಸ್ಸು ತೆವಳುತ್ತಿದ್ದ ದಾರಿಯನ್ನು ಈಗ ನಿಮಿಷಗಳಲ್ಲಿ ದಾಟುತ್ತಾರೆ. ಬೆಟ್ಟ ಹಾಗೇ ಇದೆ. ಏರಿಳಿಯುವ ಬೆಲೆ ಇಳಿಯಿತು. ಒಂದು ನಗರದ ಎರಡು ಭಾಗದವರು ಒಂದೇ ಡಬ್ಬಿಯಲ್ಲಿ ಎದುರುಬದುರು ಕೂರುವಂತಾಯಿತು.

ಇಳಿಜಾರು ಮಾತಿನೊಳಗೂ ಇಳಿಯುತ್ತದೆ. ಮೆಕ್ಸಿಕೊದ ಚಿಯಾಪಸ್ ಬೆಟ್ಟಗಳಲ್ಲಿ ತ್ಸೆಲ್ತಾಲ್ ಅನ್ನುವ ಮಾಯಾ ಭಾಷೆ ಇದೆ. ಅವರ ಸೀಮೆ ದಕ್ಷಿಣದಲ್ಲಿ ಎತ್ತರ, ಉತ್ತರಕ್ಕೆ ತಗ್ಗು. ಹಾಗಾಗಿ ದಕ್ಷಿಣದ ಕಡೆ ಅನ್ನಲು ಅವರು ಏರುಕಡೆ ಅನ್ನುತ್ತಾರೆ, ಉತ್ತರಕ್ಕೆ ಇಳಿಕಡೆ. ಸಪಾಟಾದ ಮೇಜಿನ ಮೇಲೆ ಎರಡು ಲೋಟ ಇದ್ದರೂ ಒಂದು ಏರುಕಡೆಯ ಲೋಟ!

ನಮಗೆ ಹತ್ತಿರದ ಮಾತೇ ಬೇಕೆಂದರೆ ತಮಿಳು ನೋಡಿ. ತಮಿಳರು ಪೂರ್ವಕ್ಕೆ ಕಿೞಕ್ಕು ಅನ್ನುತ್ತಾರೆ. ಅದರೊಳಗಿರುವುದು ನಮ್ಮ ಕೆಳಗೆ ಅನ್ನುವುದರ ಬೇರು. ಪಶ್ಚಿಮಕ್ಕೆ ಮೇರ್ಕು, ಅಂದರೆ ಮೇಲು. ಅವರ ನೆಲ ಪಶ್ಚಿಮದ ಘಟ್ಟದಿಂದ ಪೂರ್ವದ ಕಡಲಿಗೆ ಇಳಿಯುತ್ತದೆ, ಸರಿಯಾಗಿಯೇ ಇದೆ. ಈಗ ಘಟ್ಟ ದಾಟಿ ಆಚೆ ಹೋಗಿ. ಕೇರಳದಲ್ಲಿ ಘಟ್ಟ ಇರುವುದು ಪೂರ್ವಕ್ಕೆ. ಆದರೂ ಮಲಯಾಳಿಗಳು ಪೂರ್ವವನ್ನು ಕಿೞಕ್ಕು ಅಂತಲೇ ಕರೆಯುತ್ತಾರೆ. ಕಣ್ಣೆದುರು ಮುಗಿಲು ಮುಟ್ಟುವ ಬೆಟ್ಟ, ಬಾಯಲ್ಲಿ ಕೆಳಗು! ಆ ಭಾಷೆ ಹಿಂದೆ ಯಾವ ನೆಲದ ಮಾತಾಗಿತ್ತು ಅನ್ನುವುದಕ್ಕೆ ಇದೊಂದು ಗುರುತು ಅಂತ ಭಾಷೆಯ ವಿದ್ವಾಂಸರು 19ನೇ ಶತಮಾನದಲ್ಲೇ ತೋರಿಸಿದ್ದರು. (ನಮ್ಮ ಮೂಡಣ, ಪಡುವಣಗಳು ಸೂರ್ಯನನ್ನು ನೋಡಿ ಹುಟ್ಟಿದವು. ಹಾಗಾಗಿ ಎಲ್ಲಿ ಹೋದರೂ ತೊಂದರೆಯಿಲ್ಲ.) ನೆಲ ಬದಲಾಯಿತು, ಹಳೆಯ ನೆಲ ಕಲಿಸಿದ ಮಾತು ಉಳಿಯಿತು.

ಹೀಗೆ ಉಳಿಯುವುದು ಬರೀ ಮಾತಾದರೆ ಪರವಾಗಿಲ್ಲ. ಅನ್ಯಾಯವೂ ಹೀಗೇ ಉಳಿಯುತ್ತದೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಕ್ರಿಟೇಷಿಯಸ್ ಯುಗದ ಕೊನೆಯ ಭಾಗ, ಅಂದರೆ ಸುಮಾರು 7-8 ಕೋಟಿ ವರ್ಷಗಳ ಹಿಂದೆ. ಇವತ್ತಿನ ಅಮೆರಿಕದ ದಕ್ಷಿಣ ಭಾಗದ ಮೇಲೆ ಬೆಚ್ಚನೆಯ, ಆಳವಿಲ್ಲದ ಸಮುದ್ರ ಇತ್ತು. ಅದರಲ್ಲಿದ್ದ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಸತ್ತು ತಳಕ್ಕೆ ಇಳಿದವು. ಲಕ್ಷಾಂತರ ವರ್ಷ ಇಳಿದವು. ಅದು ಸೀಮೆಸುಣ್ಣದಂಥ ಕಲ್ಲಾಯಿತು. ಸಮುದ್ರ ಹಿಂದೆ ಸರಿಯಿತು. ಆ ಕಲ್ಲಿನ ಮೇಲೆ ಕಪ್ಪನೆಯ, ಫಲವತ್ತಾದ ಜೇಡಿಮಣ್ಣು ಹುಟ್ಟಿತು. ಅಲಬಾಮಾ, ಮಿಸಿಸಿಪ್ಪಿ ರಾಜ್ಯಗಳಲ್ಲಿ ಬಿಲ್ಲಿನ ಹಾಗೆ ಬಾಗಿದ ಒಂದು ಪಟ್ಟಿ ಅದು. ಬ್ಲ್ಯಾಕ್ ಬೆಲ್ಟ್ ಅಂತ ಹೆಸರು ಬಂದದ್ದು ಮೊದಲು ಮಣ್ಣಿನ ಬಣ್ಣದಿಂದ.

1793ರಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಹೊಸ ಯಂತ್ರ ಬಂತು. ಹತ್ತಿಗೆ ಬಂಗಾರದ ಬೆಲೆ ಬಂತು. ಆ ಕಪ್ಪು ಮಣ್ಣಿನ ಮೇಲೆ ಎಲ್ಲರ ಕಣ್ಣು ಬಿತ್ತು. ಅಲ್ಲಿ ಇದ್ದ ಮಸ್ಕೋಗಿ ಮುಂತಾದ ಮೂಲನಿವಾಸಿಗಳನ್ನು 1830ರ ದಶಕದಲ್ಲಿ ಪಶ್ಚಿಮಕ್ಕೆ ಓಡಿಸಿದರು. ಆಫ್ರಿಕಾ ಮೂಲದ ಗುಲಾಮರನ್ನು ತಂದು ತುಂಬಿದರು. ಹತ್ತಿ ಚೆನ್ನಾಗಿ ಬೆಳೆಯುವ ಕಡೆ ಗುಲಾಮರು ಜಾಸ್ತಿ. 1865ರಲ್ಲಿ ಗುಲಾಮಗಿರಿ ಕಾನೂನಿನಿಂದ ಹೋಯಿತು. ಜನ ಎಲ್ಲಿಗೆ ಹೋಗಬೇಕು? ಕೈಯಲ್ಲಿ ಜಮೀನಿಲ್ಲ, ಕಾಸಿಲ್ಲ. ಬಹಳ ಮಂದಿ ಅದೇ ಹೊಲಗಳಲ್ಲಿ ಪಾಲಿಗೆ ದುಡಿದರು. ಆಮೇಲೆ ಬ್ಲ್ಯಾಕ್ ಬೆಲ್ಟ್ ಅನ್ನುವ ಹೆಸರು ಮಣ್ಣಿಗೂ ಸೇರಿತು, ಮನುಷ್ಯರಿಗೂ ಸೇರಿತು. 1965ರಲ್ಲಿ ಮತದಾನದ ಹಕ್ಕಿಗಾಗಿ ಜನ ಮೆರವಣಿಗೆ ಹೊರಟ ಸೆಲ್ಮಾ ಊರು ಇದೇ ಪಟ್ಟಿಯಲ್ಲಿದೆ. ಪೊಲೀಸರ ಲಾಠಿ ಏಟು ಬಿದ್ದ ಸೇತುವೆ ಇರುವುದೂ ಅಲ್ಲೇ. ಇವತ್ತು ಅಮೆರಿಕದ ಅಧ್ಯಕ್ಷರ ಚುನಾವಣೆಯ ಮ್ಯಾಪ್ ತೆಗೆದು ನೋಡಿ. ದಕ್ಷಿಣದಲ್ಲಿ ರಿಪಬ್ಲಿಕನ್ ಪಕ್ಷದ ಕೆಂಪು ಬಣ್ಣದ ನಡುವೆ ನೀಲಿಯ ಒಂದು ಬಿಲ್ಲು ಕಾಣುತ್ತದೆ, ಕಪ್ಪು ಜನರ ಮತ ಹೆಚ್ಚಾಗಿ ಬೀಳುವ ಡೆಮಾಕ್ರಟಿಕ್ ಪಕ್ಷದ ಬಣ್ಣ ಅದು. ಆ ಹಳೆಯ ಸಮುದ್ರದ ಅಂಚು ಹೆಚ್ಚುಕಡಿಮೆ ಅದೇ.

ಬಹಳ ಜನ ಈ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ಎಂಥ ವಿಸ್ಮಯ ಅಲ್ವಾ ಅನ್ನುತ್ತಾರೆ. ನನಗೆ ಹಾಗೆ ನಿಲ್ಲಿಸಲು ಆಗುವುದಿಲ್ಲ. ಸೆಲ್ಮಾದಿಂದ ಮಾಂಟ್‌ಗೊಮರಿಗೆ ಹೋಗುವ ದಾರಿಯಲ್ಲಿ ಲೌಂಡ್ಸ್ ಕೌಂಟಿ ಸಿಗುತ್ತದೆ. ಅಲ್ಲಿನ ಜೇಡಿಮಣ್ಣು ನೀರನ್ನು ಬೇಗ ಇಂಗಿಸಿಕೊಳ್ಳುವುದಿಲ್ಲ. ಹಾಗಾಗಿ ಸಾಮಾನ್ಯ ಸೆಪ್ಟಿಕ್ ಟ್ಯಾಂಕ್ ಅಲ್ಲಿ ಕೆಲಸ ಮಾಡುವುದಿಲ್ಲ. ಆ ಮಣ್ಣಿಗೆ ಒಗ್ಗುವ ವ್ಯವಸ್ಥೆ ಬಡವರ ಕೈಗೆ ಎಟುಕದಷ್ಟು ದುಬಾರಿ. ಎಷ್ಟೋ ಮನೆಗಳಲ್ಲಿ ಕಕ್ಕಸಿನ ನೀರು ಪೈಪಿನಲ್ಲಿ ಬಂದು ಮನೆಯ ಹಿಂದೆಯೇ ನಿಲ್ಲುತ್ತದೆ. ಮಳೆ ಬಂದರೆ ಮನೆಯೊಳಗೆ ವಾಪಸ್ ಬರುತ್ತದೆ. 2017ರಲ್ಲಿ ವಿಶ್ವಸಂಸ್ಥೆಯ ಕಡು ಬಡತನದ ವಿಶೇಷ ವರದಿಗಾರರು ಬಂದು ಇದನ್ನು ಕಣ್ಣಾರೆ ನೋಡಿ ಹೋದರು. ಜಗತ್ತಿನ ಅತಿ ಸಿರಿವಂತ ದೇಶದಲ್ಲಿ. ಹತ್ತಿಯ ಲಾಭ ಯಾರದೋ ಬಂಗಲೆಗೆ ಹೋಯಿತು. ಮಣ್ಣು ಕೇಳುವ ಬೆಲೆಯನ್ನು ಆ ಗುಲಾಮರ ಮೊಮ್ಮಕ್ಕಳು, ಮರಿಮಕ್ಕಳು ಇನ್ನೂ ಕಟ್ಟುತ್ತಿದ್ದಾರೆ.

ಈಗ ಹೇಳಿ, ಇದರಲ್ಲಿ ಮಣ್ಣಿನ ತಪ್ಪು ಎಷ್ಟು? ಇಲ್ಲಿ ಹತ್ತಿ ಚೆನ್ನಾಗಿ ಬರುತ್ತದೆ ಅಂತ ಹೇಳಿತು, ಅಷ್ಟೇ. ಮನುಷ್ಯರನ್ನು ಸರಪಳಿಯಲ್ಲಿ ಕಟ್ಟಿ ತಂದು ಬೆಳೆಸಿ ಅಂತ ಅದು ಹೇಳಲಿಲ್ಲ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಭೂಗೋಳವೇ ಎಲ್ಲಕ್ಕೂ ಕಾರಣ ಅನ್ನುವ ಮಾತಿಗೆ ಕೆಟ್ಟ ಇತಿಹಾಸ ಇದೆ. ಬಿಸಿಲು ದೇಶದವರು ಸೋಮಾರಿಗಳು, ಚಳಿ ದೇಶದವರು ಚುರುಕು, ಹಾಗಾಗಿ ಇವರು ಅವರನ್ನು ಆಳಬೇಕು ಅನ್ನುವ ವಾದ ಯುರೋಪಿನಲ್ಲಿ ಬಹಳ ಕಾಲ ವಿದ್ಯೆಯ ವೇಷದಲ್ಲಿ ನಡೆಯಿತು. ಪುಸ್ತಕಗಳಾದವು, ಪಾಠಗಳಾದವು. ಸುಲಿಗೆ ಮಾಡಿದವರಿಗೆ ಅದು ಎಷ್ಟು ಅನುಕೂಲ ನೋಡಿ. ತಪ್ಪು ನಮ್ಮದಲ್ಲ, ಸೂರ್ಯನದು!

ಕೆರಿಬಿಯನ್ ಸಮುದ್ರದಲ್ಲಿ ಹಿಸ್ಪಾನಿಯೋಲಾ ಅನ್ನುವ ಒಂದೇ ದ್ವೀಪ. ಪಶ್ಚಿಮಕ್ಕೆ ಹೈಟಿ, ಪೂರ್ವಕ್ಕೆ ಡೊಮಿನಿಕನ್ ಗಣರಾಜ್ಯ. ಸ್ಯಾಟಲೈಟ್ ಚಿತ್ರದಲ್ಲಿ ಗಡಿಯ ಕೆಲವು ಕಡೆ ಒಂದು ಪಕ್ಕ ಬೋಳು, ಇನ್ನೊಂದು ಪಕ್ಕ ಹಸಿರು. ನೆಲದಲ್ಲೂ ವ್ಯತ್ಯಾಸ ಇದೆ, ಇಲ್ಲ ಅನ್ನುವುದಿಲ್ಲ. ಹೈಟಿಯಲ್ಲಿ ಬೆಟ್ಟ ಜಾಸ್ತಿ, ಮಳೆ ತರುವ ಗಾಳಿ ಮೊದಲು ಸೇರುವುದು ಪೂರ್ವಕ್ಕೆ. ಆದರೆ ಇಷ್ಟಕ್ಕೇ ಮುಗಿಸಿದರೆ ಸುಳ್ಳು ಹೇಳಿದ ಹಾಗೆ. ಹೈಟಿಯ ಗುಲಾಮರು ದಂಗೆ ಎದ್ದು 1804ರಲ್ಲಿ ಸ್ವತಂತ್ರರಾದರು. 1825ರಲ್ಲಿ, ಮೊದಲು ಅಲ್ಲಿ ಆಳುತ್ತಿದ್ದ ಫ್ರಾನ್ಸ್ ಯುದ್ಧದ ಹಡಗುಗಳನ್ನು ತಂದು ನಿಲ್ಲಿಸಿ 15 ಕೋಟಿ ಫ್ರಾಂಕ್ ಕೇಳಿತು. ಯಾತಕ್ಕೆ? ಗುಲಾಮರನ್ನೂ ತೋಟಗಳನ್ನೂ ಕಳೆದುಕೊಂಡ ಮಾಲೀಕರಿಗೆ ಪರಿಹಾರ. 1838ರಲ್ಲಿ ಅದನ್ನು 9 ಕೋಟಿಗೆ ಇಳಿಸಿದರು. ಅದನ್ನು ತೀರಿಸಲು ಮಾಡಿದ ಸಾಲದ ಬಾಲ ಮುಗಿದದ್ದು 1947ರಲ್ಲಿ. ಒಂದು ಶತಮಾನಕ್ಕೂ ಹೆಚ್ಚು ಕಾಲ ಶಾಲೆಗೆ, ರಸ್ತೆಗೆ, ಕಾಡಿಗೆ ಹೋಗಬೇಕಿದ್ದ ಹಣ ಹೊರಗೆ ಹೋಯಿತು. ಯಾವ ಭೂಪಟದಲ್ಲೂ ಇದು ಕಾಣುವುದಿಲ್ಲ.

ತಂತ್ರಜ್ಞಾನ ಬಂದ ಮೇಲೆ ಭೂಗೋಳ ಸತ್ತುಹೋಯಿತು ಅನ್ನುವವರೂ ಇದ್ದಾರೆ. 1956ರಲ್ಲಿ ಅಮೆರಿಕದ ನ್ಯೂವಾರ್ಕ್ ಬಂದರಿನಿಂದ ಒಂದು ಹಡಗು 58 ಕಂಟೇನರ್, ಅಂದರೆ ಸಾಮಾನು ತುಂಬುವ ದೊಡ್ಡ ಲೋಹದ ಪೆಟ್ಟಿಗೆಗಳನ್ನು ಹೊತ್ತು ಹ್ಯೂಸ್ಟನ್‌ಗೆ ಹೊರಟಿತು. ಅಲ್ಲಿಂದಾಚೆ ಸಮುದ್ರದ ಸಾಗಣೆ ಎಷ್ಟು ಅಗ್ಗವಾಯಿತೆಂದರೆ ದೂರ ಅನ್ನುವುದನ್ನೇ ಮರೆತೆವು. ಆದರೆ ಪನಾಮಾ ಕಾಲುವೆಗೆ ಬನ್ನಿ. 1914ರಲ್ಲಿ ತೆರೆದ ಈ ಕಾಲುವೆ ಎರಡು ಸಮುದ್ರಗಳನ್ನು ಸೇರಿಸುತ್ತದೆ. ಹಾಗಂತ ಸಮುದ್ರದ ನೀರಿನ ಮೇಲೆ ನಡೆಯುವುದಿಲ್ಲ. ಹಡಗನ್ನು ಮೆಟ್ಟಿಲು ಮೆಟ್ಟಿಲಾಗಿ 26 ಮೀಟರ್ ಎತ್ತಿ, ಗಾಟುನ್ ಅನ್ನುವ ಸಿಹಿನೀರಿನ ಕೆರೆ ದಾಟಿಸಿ, ಮತ್ತೆ ಇಳಿಸುತ್ತಾರೆ. ಒಂದು ಹಡಗು ದಾಟಲು ಸುಮಾರು 20 ಕೋಟಿ ಲೀಟರ್ ಸಿಹಿನೀರು ಬೇಕು. ಅದು ಮಳೆಯ ನೀರು. ಆ ದೇಶದ ಜನ ಕುಡಿಯುವುದೂ ಅದನ್ನೇ. 2023ರಲ್ಲಿ ಮಳೆ ಕೈಕೊಟ್ಟಿತು. ದಿನಕ್ಕೆ 36ರಷ್ಟು ಹಡಗು ಬಿಡುತ್ತಿದ್ದವರು ವರ್ಷದ ಕೊನೆಗೆ 24ರ ಆಸುಪಾಸಿಗೆ ಇಳಿಸಬೇಕಾಯಿತು. ಎರಡೂ ಬದಿಯಲ್ಲಿ ಹಡಗುಗಳು ಸಾಲುಗಟ್ಟಿ ನಿಂತವು. ಎರಡು ಮಹಾಸಾಗರಗಳ ನಡುವಿನ ವ್ಯಾಪಾರ ಒಂದು ಕೆರೆಯ ಮಳೆಗಾಲವನ್ನು ಕಾಯುತ್ತಾ ನಿಂತಿತ್ತು.

ಮತ್ತೆ ಆ ತಗ್ಗು ನಾಡಿಗೆ ಬರುತ್ತೇನೆ. 1953ರ ಜನವರಿ 31ರ ರಾತ್ರಿ ಬಿರುಗಾಳಿಯೂ ದೊಡ್ಡ ಉಬ್ಬರವೂ ಒಟ್ಟಿಗೆ ಬಂದು ಏರಿಗಳು ಒಡೆದವು. ನೆದರ್ಲೆಂಡ್ಸ್‌ನಲ್ಲಿ 1,836 ಜನ ಸತ್ತರು. ಆಮೇಲೆ ದಶಕಗಳ ಕಾಲ ಕಡಲಿನ ಬಾಯಿಗೆ ಅಣೆಕಟ್ಟು, ಬಾಗಿಲುಗಳನ್ನು ಕಟ್ಟಿದರು. ಆದರೆ 1993 ಮತ್ತು 1995ರಲ್ಲಿ ಅಪಾಯ ಬಂದದ್ದು ಬೆನ್ನ ಹಿಂದಿನಿಂದ, ನದಿಗಳಿಂದ. 1995ರಲ್ಲಿ ಎರಡೂವರೆ ಲಕ್ಷ ಜನರನ್ನು ಮನೆಯಿಂದ ಸಾಗಿಸಬೇಕಾಯಿತು. ಏರಿಯನ್ನು ಎಷ್ಟು ಅಂತ ಎತ್ತರಿಸುವುದು? ನದಿಗೇ ಸ್ವಲ್ಪ ಜಾಗ ಬಿಡೋಣ ಅಂತ ತೀರ್ಮಾನಿಸಿದರು. ಎಂಟು ನೂರು ವರ್ಷ ನೀರನ್ನು ಹೊರಗೆ ತಳ್ಳಿದ ಜನಕ್ಕೆ ಈ ಮಾತು ಆಡಲು ಎಷ್ಟು ಕಷ್ಟ ಆಗಿರಬೇಕು.

ಬೆರ್ಗ್ಸೆ ಮಾಸ್ ನದಿಯ ಪಕ್ಕ ಓವರ್‌ಡೀಪ್ಸೆ ಪೋಲ್ಡರ್ (ಪೋಲ್ಡರ್ ಅಂದರೆ ಸುತ್ತ ಏರಿ ಕಟ್ಟಿ ನೀರು ಹೊರಹಾಕಿದ ತಗ್ಗು ನೆಲ) ಅನ್ನುವ ಕಡೆ ಹಾಲು ಕರೆಯುವ ರೈತರ ಕುಟುಂಬಗಳು ಇದ್ದವು. ನೆರೆ ಬಂದಾಗ ನದಿಯ ನೀರನ್ನು ಅವರ ಹೊಲಗಳ ಮೇಲೆ ಬಿಟ್ಟರೆ ನದಿಯ ಮೇಲ್ಭಾಗದ ಊರುಗಳು ಉಳಿಯುತ್ತವೆ. ಸರ್ಕಾರ ಎಲ್ಲರನ್ನೂ ಎಬ್ಬಿಸಿ ಕಳಿಸಬಹುದಿತ್ತು. ರೈತರೇ ಕೂತು ಯೋಚಿಸಿ ಒಂದು ಉಪಾಯ ಮುಂದಿಟ್ಟರು. ನದಿಯ ಕಡೆಯ ಏರಿ ತಗ್ಗಿಸಿ, ನಮಗೆ ಎತ್ತರದ ಮಣ್ಣಿನ ದಿಬ್ಬ ಹಾಕಿಕೊಡಿ, ಮನೆ ಕೊಟ್ಟಿಗೆ ಅದರ ಮೇಲೆ ಕಟ್ಟುತ್ತೇವೆ. ಕೆಲವರು ಪರಿಹಾರ ತೆಗೆದುಕೊಂಡು ಬೇರೆ ಕಡೆ ಹೋದರು. ಉಳಿದವರು ದಿಬ್ಬ ಹತ್ತಿದರು. ಏರಿ ಕಟ್ಟುವುದನ್ನು ಕಲಿಯುವ ಮೊದಲು, ಎರಡು ಸಾವಿರ ವರ್ಷಕ್ಕೂ ಹಿಂದೆ, ಆ ಕರಾವಳಿಯ ಜನ ಬದುಕುತ್ತಿದ್ದದ್ದೂ ಇಂಥ ದಿಬ್ಬಗಳ ಮೇಲೇ.

ಮೊನ್ನೆ ರಾತ್ರಿ ಮೊಬೈಲ್‌ನಲ್ಲಿ ಆ ಜಾಗ ಹುಡುಕಿ ನೋಡಿದೆ. ಹಿಂಬದಿಯ ಏರಿಗೆ ಒರಗಿದ ಹಾಗೆ ಸಾಲಾಗಿ ದಿಬ್ಬಗಳು. ಒಂದೊಂದರ ಮೇಲೆ ಒಂದು ಮನೆ, ಉದ್ದನೆಯ ಕೊಟ್ಟಿಗೆ. ಕೆಳಗೆ ಹಸಿರು ಹುಲ್ಲು, ಅದರಾಚೆ ತಗ್ಗಿಸಿದ ಏರಿ, ಅದರಾಚೆ ನದಿ. ಸರಾಸರಿ 25 ವರ್ಷಕ್ಕೊಮ್ಮೆ ಆ ಹುಲ್ಲಿನ ಮೇಲೆ ನೀರು ಬರುತ್ತದೆ ಅಂತ ಲೆಕ್ಕ. ಬಂದ ದಿನ ದಿಬ್ಬದ ಮೇಲಿನವರು ದನಗಳನ್ನು ಒಳಗೆ ಕಟ್ಟಿ, ನೀರು ಇಳಿಯುವವರೆಗೆ ಅಲ್ಲೇ ಇರುತ್ತಾರೆ.